ದಸರಾ ಚೌಕದ ಹಳೆಯ ಕಾರು

ಇಚಲಕರಂಜಿಯ ಶಹಾಪುರದಲ್ಲಿ ಬೆಳಗಾಗುವುದು ವಿದ್ಯುತ್ ಮಗ್ಗಗಳ ಸದ್ದಿನೊಡನೆ. ಕಡಿದ ಎಳೆಗೆ ಎಲ್ಲಿ ಗಂಟು ಬಿದ್ದಿದೆಯೆಂಬುದನ್ನು ಇಲ್ಲಿಯ ನೇಕಾರನು ಬಟ್ಟೆಯ ಮೇಲೆ ಕೈಯಾಡಿಸಿಯೇ ಹೇಳಬಲ್ಲನು. ಅಂಥದೇ ಬೆರಳು ಬೇಕಾದ ಇನ್ನೊಂದು ವಸ್ತು ಸುಮಾರು 30 ಕಿಲೋಮೀಟರು ದೂರದ ಕೊಲ್ಹಾಪುರದಲ್ಲಿದೆ.

ವಿಜಯದಶಮಿಯ ಸಂಜೆ ಪಂಚಗಂಗೆಯನ್ನು ದಾಟಿ ದಸರಾ ಚೌಕಕ್ಕೆ ಹೋದವರು ಅದನ್ನು ಕಾಣಬಹುದು. ಸೀಮೋಲ್ಲಂಘನಕ್ಕೆ ಛತ್ರಪತಿ ಮನೆತನದವರು ಬರುವುದು ಮೇಬ್ಯಾಕ್ ಎಂಬ ಜರ್ಮನ್ ಕಾರಿನಲ್ಲಿ. 1922ರಿಂದ 1940ರವರೆಗೆ ಆಳಿದ ರಾಜಾರಾಮ ಮಹಾರಾಜರ ಕಾಲದ ವಾಹನವದು. ಜೆಪ್ಪೆಲಿನ್ ಆಕಾಶನೌಕೆಗಳಿಗೆ ಎಂಜಿನ್ ಒದಗಿಸಿದ ಆ ಸಂಸ್ಥೆ ತಯಾರಿಸಿದ ಕಾರುಗಳು ಒಟ್ಟು ಸುಮಾರು 1,800 ಮಾತ್ರ. ಬಂಗಾರವೆಂದು ಎಲೆ ಹಂಚುವ ಜನರ ನಡುವೆ ನಿಂತ ಮಗುವಿಗೆ ಸಹಜವಾಗಿ ಪ್ರಶ್ನೆಯೊಂದು ಮೂಡುತ್ತದೆ: ಹಳೆಯ ಕಾರಿನಲ್ಲಿ ಆಗಿನದು ಯಾವುದು, ಈಗಿನದು ಯಾವುದು?

ಮೊದಲ ಸಾಕ್ಷಿ ಸಂಖ್ಯೆ. ಚಾಸಿಯಲ್ಲೂ ಎಂಜಿನ್ನಿನಲ್ಲೂ ಒತ್ತಿದ ಅಂಕೆಗಳು ಕಾರ್ಖಾನೆಯ ದಾಖಲೆಗೆ ಹೊಂದಬೇಕು. ತಗಡಿನ ಫಲಕವನ್ನು ಹೊಸದಾಗಿ ಮಾಡಿಸಬಹುದು. ಉಕ್ಕಿನ ಅಂಕೆಯನ್ನು ಅರೆದರೆ ಅರೆದ ಗುರುತು ಉಳಿಯುತ್ತದೆ.

ಎರಡನೆಯದು ಲೋಹ. ಸುಮಾರು 1930ಕ್ಕೆ ಮೊದಲಿನ ದೀಪ, ಹಿಡಿಕೆಗಳ ಲೇಪ ನಿಕ್ಕಲ್. ಅದರ ಹೊಳಪಿನಲ್ಲಿ ತುಸು ಹಳದಿಯ ಛಾಯೆ. ನಂತರದ ಕ್ರೋಮಿನಲ್ಲಿ ನೀಲಿಯ ಛಾಯೆ. ಬೋಲ್ಟುಗಳೂ ಮಾತಾಡುತ್ತವೆ. 1945ರಿಂದ 1949ರವರೆಗೆ ಸುಮಾರು 10,000 ತಯಾರಾದ ಎಂ.ಜಿ. ಟಿ.ಸಿ. ಎಂಬ ಇಂಗ್ಲಿಷ್ ಕ್ರೀಡಾಕಾರಿನ ಎಂಜಿನ್ನಿನಲ್ಲಿ ಬೋಲ್ಟಿನ ಮರೆ ಮೆಟ್ರಿಕ್, ತಲೆ ಮಾತ್ರ ವ್ಹಿಟ್‌ವರ್ತ್ ಅಳತೆಯದು. ಅಂಗಡಿಯ ಬೋಲ್ಟು ಸೇರಿದ್ದರೆ ಪಾನೆಯೇ ಹೇಳುತ್ತದೆ.

ಮೂರನೆಯದು ಬಣ್ಣ. ಡ್ಯಾಶ್‌ಬೋರ್ಡಿನ ಅಡಿ, ಬಾಗಿಲ ಕೀಲಿನ ಸಂದುಗಳಲ್ಲಿ ಮೂಲಬಣ್ಣ ಅಡಗಿರುತ್ತದೆ. ಅಲ್ಲಿ ನಾಣ್ಯದಷ್ಟು ಜಾಗವನ್ನು ನುಣ್ಣನೆಯ ಉಜ್ಜುಕಾಗದದಿಂದ ತೇಯ್ದರೆ ಪದರಗಳು ಮರದ ಬಳೆಗಳಂತೆ ತೋರುತ್ತವೆ. ಥಿನ್ನರ್ ಹಚ್ಚಿದ ಅರಿವೆಗೆ ಹಳೆಯ ಸೆಲ್ಯುಲೋಸ್ ಬಣ್ಣ ಅಂಟುತ್ತದೆ; ಇಂದಿನ ಎರಡು ದ್ರವ ಬೆರೆಸಿ ಹಚ್ಚುವ ಬಣ್ಣ ಒಣಗಿದ ಮೇಲೆ ಅಂಟುವುದಿಲ್ಲ.

ಇದು ಹವ್ಯಾಸದ ಮಾತಷ್ಟೇ ಅಲ್ಲ. ಕೇಂದ್ರ ಸರಕಾರದ 2021ರ ನಿಯಮದಂತೆ 50 ವರ್ಷ ಮೀರಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ವಿಶೇಷ ನೋಂದಣಿ ದೊರೆಯುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಚಾಸಿ, ಮೈಕವಚ, ಎಂಜಿನ್ನುಗಳು ಗಣನೀಯವಾಗಿ ಮಾರ್ಪಟ್ಟಿರಬಾರದು. ಹಬ್ಬದ ಹುರುಪಿನಲ್ಲಿ ಹೊಳಪು ತರಿಸಲು ಹೋದವರು ಸಾಕ್ಷ್ಯವನ್ನೇ ಕೆರೆದು ಹಾಕುತ್ತಾರೆ. ಒಮ್ಮೆ ಹೋದ ಮೂಲ ಯಾವ ಹಣಕ್ಕೂ ಮರಳುವುದಿಲ್ಲ.

ಕೊಲ್ಹಾಪುರದ ಎರಕದ ಕಾರ್ಖಾನೆಗಳು ಎಂಥ ಭಾಗವನ್ನೂ ಎರೆದು ಕೊಡಬಲ್ಲವು. ಹೊಸ ಭಾಗ ಹಾಕುವುದು ತಪ್ಪಲ್ಲ. ಅದನ್ನು ಹಳೆಯದೆಂದು ಹೇಳುವುದು ತಪ್ಪು. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಬೈಕು ಅಜ್ಜನ ಕಾಲದಿಂದ ಹಿತ್ತಲಿನಲ್ಲಿ ನಿಂತಿರುವ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಬಣ್ಣದ ಡಬ್ಬಿ ತೆರೆಯುವ ಮುನ್ನ ಛಾಯಾಚಿತ್ರ ತೆಗೆಯಬೇಕು, ಸಂಖ್ಯೆಗಳನ್ನು ಬರೆದುಕೊಳ್ಳಬೇಕು, ಬಿಚ್ಚಿದ ಭಾಗಗಳನ್ನು ಗುಜರಿಗೆ ಹಾಕದೆ ಚೀಟಿ ಕಟ್ಟಿ ಇಡಬೇಕು. ಆ ಚೀಟಿ ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು.