ಉಪ್ಪುಗಾಳಿಯಲ್ಲಿ ಒಂದು ಯೆಜ್ಡಿ

ಮರವಂತೆಯಲ್ಲಿ ಹಳೆಯ ಬೈಕು ಇಟ್ಟುಕೊಂಡವರಿಗೆ ಮೊದಲ ವೈರಿ ಉಪ್ಪು. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುವವರಿಗೆ ಅದು ಚೆಂದದ ಗಾಳಿ. ಅದೇ ಗಾಳಿ ಕ್ರೋಮಿನ ಮೇಲೆ ಸೂಜಿಮೊನೆಯಷ್ಟು ತೂತು ಹುಡುಕಿ ಒಳಗಿಳಿಯುತ್ತದೆ. ಮೇಲೆ ಹೊಳಪು ಹಾಗೇ ಇರುತ್ತದೆ, ಅಡಿಯ ಕಬ್ಬಿಣ ಪುಡಿಯಾಗಿರುತ್ತದೆ. ನಾನು ಸಣ್ಣವನಿದ್ದಾಗಿನಿಂದಲೂ ಮಳೆಗಾಲಕ್ಕೆ ಮೊದಲು ನಮ್ಮ ಮನೆಯಲ್ಲಿ ನಡೆಯುವ ಕೆಲಸಗಳು ಎರಡು: ಸೌದೆ ಒಳಗೆ ಹಾಕುವುದು, ಯೆಜ್ಡಿಗೆ ಗ್ರೀಸ್ ಸವರುವುದು. ಎರಡನೆಯದು ನನ್ನ ಪಾಲಿಗೆ ಬಂದಾಗ ನನಗೆ ಎಂಟು ವರ್ಷ. ಆ ಹುಚ್ಚು ಇನ್ನೂ ಬಿಟ್ಟಿಲ್ಲ.

ಹಳೆಯ ಗಾಡಿಯ ಹುಚ್ಚು ಎಂದರೆ ಅಮೆರಿಕದವರಿಗೆ ನೆನಪಾಗುವುದು ಮಸಲ್ ಕಾರುಗಳು. 1964ರ ಪಾಂಟಿಯಾಕ್ ಜಿಟಿಒದಂಥ ಕಾರಿನಲ್ಲಿ ಆರು ಲೀಟರಿಗಿಂತ ದೊಡ್ಡ ಎಂಜಿನ್ ಇತ್ತು. ನಮ್ಮ ಊರಿನ ಮಟ್ಟಿಗೆ ದೊಡ್ಡ ಎಂಜಿನ್ ಎಂದರೆ 250 ಸಿಸಿ, ಅದೂ ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ ಝೆಕೊಸ್ಲೊವಾಕಿಯಾದ ಪರವಾನಗಿಯಲ್ಲಿ 1961ರಲ್ಲಿ ಜಾವಾ ತಯಾರಿಸಲು ತೊಡಗಿತು. 1973ರಿಂದ ಅದೇ ವಂಶದ ಬೈಕು ಯೆಜ್ಡಿ ಎಂಬ ಹೆಸರಿನಲ್ಲಿ ಬಂತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಗೇರಿನ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. 1985ರಲ್ಲಿ ಕಡಿಮೆ ಪೆಟ್ರೋಲ್ ಕುಡಿಯುವ ಹೀರೋ ಹೋಂಡಾ ಬಂತು. 1991ರಲ್ಲಿ ಹೊಗೆಯ ನಿಯಮಗಳು ಬಂದವು, 1996ರಲ್ಲಿ ಇನ್ನಷ್ಟು ಬಿಗಿಯಾದವು. ಅದೇ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು.

ನಮ್ಮದು 1974ರ ಗಾಡಿ. ಅಪ್ಪಯ್ಯ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುತ್ತಿದ್ದವರು. ಎಲ್ಲರೂ ಹೊಸ ಬೈಕಿನ ಮಾತಾಡುತ್ತಿದ್ದ ಕಾಲದಲ್ಲಿ ಇದನ್ನು ಅಗ್ಗಕ್ಕೆ ಕೊಂಡರು. ಬೋಟಿನ ಫ್ಯಾನು, ಶಾಫ್ಟು ಹೇರಲು ಹಿಂದೆ ಒಂದು ದಪ್ಪ ಕ್ಯಾರಿಯರ್ ಬೆಸುಗೆ ಹಾಕಿಸಿದರು. ಮೈಸೂರಿನವರು ಊಹಿಸಿಯೂ ಇರದ ಸಾಮಾನು ಅದು. ಅದರ ಭಾರಕ್ಕೆ ಹಿಂದಿನ ಮಡ್‌ಗಾರ್ಡ್ ಇಂದಿಗೂ ತುಸು ಎಡಕ್ಕೆ ವಾಲಿದೆ.

ನಾನು ರೇಸಿಗೆ ಇಳಿದದ್ದು ಕಾಲೇಜಿನ ದಿನಗಳಲ್ಲಿ, ಗೆಳೆಯನ ಯೆಜ್ಡಿಯಲ್ಲಿ, ಕೊಯ್ಲಾದ ಗದ್ದೆಯ ಮಣ್ಣಿನ ಟ್ರ್ಯಾಕಿನಲ್ಲಿ. ಟೂ ಸ್ಟ್ರೋಕ್ ಓಡಿಸುವುದಕ್ಕೆ ಬೇರೆಯೇ ಒಂದು ಮನಸ್ಸು ಬೇಕು. ಇದರಲ್ಲಿ ಎಣ್ಣೆ ಪೆಟ್ರೋಲಿನ ಜೊತೆಯಲ್ಲೇ ಎಂಜಿನ್ನಿಗೆ ಹೋಗುವುದು. ವೇಗದಲ್ಲಿದ್ದಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ನಿಲ್ಲುತ್ತದೆ, ಜೊತೆಗೆ ಎಣ್ಣೆಯೂ. ಬಿಸಿಯಾದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಬೇಕು, ಕಿವಿ ಸದಾ ಎಂಜಿನ್ನಿನ ಮೇಲೆ. ಕಂಬಳದಲ್ಲಿ ಕೋಣ ಓಡಿಸುವವರೂ ಹೀಗೆಯೇ ಇರಬೇಕು ಅನ್ನಿಸಿದೆ: ಓಡುವುದು ಇನ್ನೊಂದು ಜೀವ, ನಾವು ಅದರ ಉಸಿರು ಕೇಳುತ್ತ ಹಿಂದೆ ಹೋಗುವವರು.

ಎರಡು ವರ್ಷದ ಹಿಂದೆ ಮನೆಯ ಯೆಜ್ಡಿಗೆ ಐವತ್ತು ತುಂಬಿತು. ಆಗ ಶುರುವಾಯಿತು ನಿಜವಾದ ಪ್ರಶ್ನೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನಲ್ಲಿ 'ವಿಎ' ಎಂಬ ಅಕ್ಷರ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಷರತ್ತು ಎರಡು. ಗಾಡಿ ಮೂಲ ರೂಪದಲ್ಲಿರಬೇಕು; ಮತ್ತೆ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಹೊರಗೆ ತರಬಹುದು, ಅಷ್ಟೆ.

ಹಳೆಯ ಬೈಕು ಸಂಗ್ರಹಿಸುವ ಗೆಳೆಯರು ಹೇಳಿದರು: ಕ್ಯಾರಿಯರ್ ಕತ್ತರಿಸಿ ತೆಗೆ, ಹೊಸ ಕ್ರೋಮ್ ಮಾಡಿಸು, ವಿಎ ತಗೋ. ರೇಸಿನವರು ಹೇಳಿದರು: ಎಂಜಿನ್ ಕಳಚಿ ಹಗುರದ ಫ್ರೇಮಿಗೆ ಕೂರಿಸು. ಅಬ್ಬಿ ಹೇಳಿದ್ದು ಬೇರೆ: "ಆ ಕಬ್ಣದ ಮೇಲಿಪ್ಪ ಪ್ರೀತಿ ಥೀಸಿಸ್ ಮೇಲಿದ್ದಿರೆ ಇಷ್ಟೊತ್ತಿಗೆ ಮುಗಿತಿತ್."

ಥೀಸಿಸ್ಸಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಲಾರೆ. ನಾನು ಕೆಲಸ ಮಾಡುತ್ತಿರುವುದು ಹಸ್ತಪ್ರತಿಗಳ ಮೇಲೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ನಮಗೆಲ್ಲ ಕೈಮರ. ಪ್ರತಿಕಾರ ಸೇರಿಸಿದ್ದನ್ನು ಕವಿಯದರಿಂದ ಬೇರ್ಪಡಿಸುವುದು ಸಂಪಾದಕನ ಕೆಲಸ. ಆದರೆ ಸಂಪಾದಕ ಓಲೆಗರಿಯನ್ನು ಕೆರೆಯುವುದಿಲ್ಲ. ಬೇರ್ಪಡಿಸಿದ್ದನ್ನು ಅಡಿಯಲ್ಲಿ ಪಾಠಾಂತರವಾಗಿ ಕೊಡುತ್ತಾನೆ, ಓಲೆ ಇದ್ದ ಹಾಗೆಯೇ ಉಳಿಯುತ್ತದೆ. ಬೈಕಿನಲ್ಲಿ ಆ ಅನುಕೂಲವಿಲ್ಲ. ಕತ್ತರಿಸಿದ ಕ್ಯಾರಿಯರನ್ನು ಅಡಿಟಿಪ್ಪಣಿಯಲ್ಲಿ ಇಡಲಾಗದು. ಅಲ್ಲದೆ ಮೂಲ ಎಂದರೆ ಯಾವ ದಿನದ್ದು? ಸಿಲಿಂಡರನ್ನು ಎರಡು ಬಾರಿ ಬೋರ್ ಮಾಡಿಸಿದೆ. ಪ್ರತಿ ಸಲವೂ ಮೈಸೂರಿನ ಲೋಹ ಒಂದಿಷ್ಟು ಪುಡಿಯಾಗಿ ಹೋಗಿದೆ. ಹಾಗೆ ಹೋದದ್ದರಿಂದಲೇ ಅದು ಓಡುತ್ತಿದೆ.

ಅಪ್ಪಯ್ಯನನ್ನು ಕೇಳಿದೆ. "ಹೊಸ್ತ್ ಮಾಡುದಾರೆ ಹೊಸ್ತೇ ತಕಂಬುದಲ್ದಾ?" ಎಂದರು. ಹೊಸ ಜಾವಾ 2018ರಲ್ಲಿ, ಹೊಸ ಯೆಜ್ಡಿ 2022ರಲ್ಲಿ ಮಾರುಕಟ್ಟೆಗೆ ಬಂದದ್ದು ಅವರಿಗೆ ಗೊತ್ತು. ಶೋರೂಮಿಗೆ ಹೋಗಿ ನೋಡಿಯೂ ಬಂದಿದ್ದಾರೆ. ಅವರ ಬೇಡಿಕೆ ಒಂದೇ: ವಾರಕ್ಕೊಮ್ಮೆ ಗಂಗೊಳ್ಳಿಗೆ ಹೋಗಿ ಹಳೆಯ ಜೊತೆಗಾರರೊಡನೆ ಚಾ ಕುಡಿದು ಬರಬೇಕು, ಈ ಬೈಕಿನಲ್ಲೇ. ವಿಎ ಅಕ್ಷರ ಬಂದರೆ ಆ ಓಡಾಟ ನಿಲ್ಲುತ್ತದೆ.

ಕೊನೆಗೆ ಎಂಜಿನ್ ಮಾತ್ರ ಪೂರ್ತಿ ಬಿಚ್ಚಿದೆ. ಪಿಸ್ಟನ್, ರಿಂಗು, ಬೇರಿಂಗ್, ಕ್ಲಚ್ಚಿನ ಕಾರ್ಕು ಹೊಸದಾದವು. ಕ್ರೋಮಿನಲ್ಲಿ ಕಣ್ಣಿಗೆ ಕಂಡ ಗುಳಿಗಳು ಹಾಗೇ ಇವೆ. ಕ್ಯಾರಿಯರ್ ಇದೆ, ವಾಲಿದ ಮಡ್‌ಗಾರ್ಡೂ ಇದೆ. ರೇಸಿಗೆಂದು ಗುಜರಿಯಲ್ಲಿ ಸಿಕ್ಕ ಇನ್ನೊಂದು ಯೆಜ್ಡಿಯ ಭಾಗಗಳನ್ನು ಬೇರೆಯಾಗಿ ಜೋಡಿಸುತ್ತಿದ್ದೇನೆ. ಅದು ಬಿದ್ದರೂ ಮುರಿದರೂ ಯಾರ ನೆನಪೂ ಮುರಿಯುವುದಿಲ್ಲ.

ಮನೆಯ ಗಾಡಿಗೆ ಸಾಮಾನ್ಯ ನೋಂದಣಿಯನ್ನೇ ನವೀಕರಿಸಿದೆವು. ಅದು ಐದು ವರ್ಷಕ್ಕೆ. ಅಪ್ಪಯ್ಯನಿಗೀಗ ಎಪ್ಪತ್ತೊಂದು. ಮುಂದಿನ ಸಲ ಅರ್ಜಿ ತುಂಬುವಾಗ ಬೈಕಿಗೂ ಅವರಿಗೂ ಒಟ್ಟಿಗೇ ಫಿಟ್‌ನೆಸ್ ನೋಡಬೇಕು ಎಂದು ಅಬ್ಬಿ ನಗುತ್ತಾಳೆ. ಅವರು ಕಿಕ್ಕರ್ ಒದ್ದು ಹೊರಟ ಮೇಲೂ ನೀಲಿ ಹೊಗೆ ತೆಂಗಿನಮರಗಳ ಕೆಳಗೆ ಸ್ವಲ್ಪ ಹೊತ್ತು ನಿಂತಿರುತ್ತದೆ. ಶಬ್ದ ಹೆದ್ದಾರಿ ಸೇರುವವರೆಗೂ ನಾನು ಕೇಳುತ್ತೇನೆ. ನಾಲ್ಕನೇ ಗೇರು ಬಿದ್ದದ್ದು ಗೊತ್ತಾದ ಮೇಲೆ ಒಳಗೆ ಹೋಗಿ ಹಸ್ತಪ್ರತಿ ತೆರೆಯುತ್ತೇನೆ.