ವಾಕಡದ ಕಟ್ಟೆ, ರಾಯಗಡದ ಪಟ್ಟ

ಪುಣೆಯ ವಾಕಡದಲ್ಲಿ ಸಂಜೆ ನಾಲ್ಕು ಜನ ಕೂತರೆ ಮೊದಲ ಮಾತು ಟ್ರಾಫಿಕ್ಕಿನದೇ. ಹಿಂಜವಡಿ ಬಿಟ್ಟು ಭೂಮಕರ ಚೌಕ ದಾಟಲು ಯಾರಿಗೆ ಎಷ್ಟು ಹೊತ್ತು ಹಿಡಿಯಿತು, ಯಾವ ಸಂದಿಯಲ್ಲಿ ನುಗ್ಗಿದರೆ ಬೇಗ ಮನೆ ಸೇರಬಹುದು, ಇಂಥವೇ. ಆದರೆ ‘ಜಾಣತಾ ರಾಜಾ’ ಮತ್ತೆ ಆಡುತ್ತಾರಂತೆ ಎಂಬ ಸುದ್ದಿ ಬರಲಿ, ಟ್ರಾಫಿಕ್ಕಿನ ಮಾತು ತಾನಾಗಿ ಹಿಂದೆ ಸರಿಯುತ್ತದೆ. ನಮ್ಮ ಸೊಸೈಟಿಯ ಆಜೋಬಾ ಒಬ್ಬರು ಕಟ್ಟೆಯ ಮೇಲೆ ಸರಿಯಾಗಿ ಕೂತು, “ಆನೆ ಬರುತ್ತೆ ನೋಡಿ, ನಿಜವಾದ ಆನೆ!” ಅಂತ ಶುರು ಮಾಡುತ್ತಾರೆ. ಆಮೇಲೆ ಅವರನ್ನು ನಿಲ್ಲಿಸುವವರು ಯಾರು?

ನೋಡದವರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ಬಾಬಾಸಾಹೇಬ ಪುರಂದರೆಯವರು 1985ರಲ್ಲಿ ರಂಗಕ್ಕೆ ತಂದ, ಶಿವಾಜಿಯ ಕಥೆ ಹೇಳುವ ಮಹಾನಾಟ್ಯ. ಇನ್ನೂರಕ್ಕೂ ಹೆಚ್ಚು ಕಲಾವಿದರು, ಆನೆ, ಕುದುರೆ, ಒಂಟೆ. ಇಷ್ಟೆಲ್ಲ ಯಾವ ನಾಟಕ ಮಂದಿರದಲ್ಲಿ ಹಿಡಿಸೀತು? ಅದಕ್ಕೇ ಬಯಲಲ್ಲಿ ಕೋಟೆಯಂಥ ಸೆಟ್ಟು ಕಟ್ಟಿ ಆಡುತ್ತಾರೆ. ಹುಡುಗ ಶಿವಬಾ ಬೆಳೆಯುತ್ತ ಬೆಳೆಯುತ್ತ, ಕೊನೆಗೆ ರಾಯಗಡದ ಸಿಂಹಾಸನ ಏರುತ್ತಾನೆ. ಆ ಪಟ್ಟಾಭಿಷೇಕ ನಡೆದದ್ದು 1674ರ ಜೂನ್ 6ರಂದು. ಪುರಂದರೆಯವರು 2021ರಲ್ಲಿ ಹೋದರು, ಆಟ ನಿಲ್ಲಲಿಲ್ಲ. ಒಂದು ನಾಡು ತಾನು ಹೇಗೆ ಹುಟ್ಟಿದೆನೆಂದು ತನಗೇ ಮತ್ತೆ ಮತ್ತೆ ಹೇಳಿಕೊಳ್ಳುವುದಿದೆಯಲ್ಲ, ಅದು ನನಗೆ ಬಹಳ ಹಿಡಿಸುವ ಸಂಗತಿ. ಕಥೆ ಗೊತ್ತಿದ್ದೇ ಜನ ಬರುತ್ತಾರೆ. ಸಿಂಹಾಸನ ಏರುವ ಗಳಿಗೆಗೆ ಗೊತ್ತಿದ್ದೂ ಎದ್ದು ನಿಲ್ಲುತ್ತಾರೆ.

ಅಮೆರಿಕದವರಿಗೂ ಇಂಥದೊಂದಿದೆ. ಹೆಸರೇ ‘1776’. ಫಿಲಡೆಲ್ಫಿಯಾದ ಒಂದು ಕೋಣೆಯಲ್ಲಿ ಕೂತ ಪ್ರತಿನಿಧಿಗಳು ಸೆಕೆಗೆ ಬೆವರುತ್ತ, ಜಗಳಾಡುತ್ತ, ಹಾಡುತ್ತ ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕುವ ನಾಟಕ. ಬ್ರಾಡ್‌ವೇಯಲ್ಲಿ ಮೊದಲು ಬಂದದ್ದು 1969ರಲ್ಲಿ. 2022ರಲ್ಲಿ ಅದನ್ನು ಮತ್ತೆ ಕಟ್ಟಿದಾಗ ಆ ಪ್ರತಿನಿಧಿಗಳ ಪಾತ್ರಗಳನ್ನೆಲ್ಲ ಹೆಂಗಸರು, ಟ್ರಾನ್ಸ್ ಮತ್ತು ನಾನ್‌ಬೈನರಿ ಕಲಾವಿದರೇ ವಹಿಸಿದರು. ಅಂದು ಆ ಕೋಣೆಯೊಳಗೆ ಯಾರಿಗೆ ಕಾಲಿಡಲು ಬಿಡುತ್ತಿರಲಿಲ್ಲವೋ ಅವರ ಬಾಯಲ್ಲೇ ಆ ಮಾತು! ಪುಣೆಯವರಿಗೆ ಇದು ಅಷ್ಟೊಂದು ಹೊಸದೆನಿಸಲಿಕ್ಕಿಲ್ಲ. ಇಲ್ಲಿ ಸಂಗೀತ ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದ ನಟ ಬಾಲಗಂಧರ್ವರು ಸೀರೆಯುಟ್ಟು ನಿಂತರೆ ಊರಿನ ಹೆಂಗಸರು ಅವರನ್ನು ನೋಡಿ ಸೀರೆ ಉಡುವುದು ಕಲಿಯುತ್ತಿದ್ದರೆಂದು ಹಳಬರು ಇವತ್ತಿಗೂ ಹೇಳುತ್ತಾರೆ.

ಬಾಲಗಂಧರ್ವರ ಹೆಸರು ಬಂತು, ಇನ್ನು ಮಾತು ಸಂಗೀತ ನಾಟಕದ ಕಡೆ ತಿರುಗಲೇಬೇಕು. ‘ಜಾಣತಾ ರಾಜಾ’ದಲ್ಲಿ ಮಾತೂ ಹಾಡೂ ಮೊದಲೇ ಮುದ್ರಿಸಿದ್ದು, ನಟರು ಅದಕ್ಕೆ ತುಟಿ ಕೂಡಿಸುತ್ತಾರೆ. ಅಷ್ಟು ದೊಡ್ಡ ಬಯಲಿಗೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಆದರೂ ಅಂಥ ಕಥೆಯನ್ನು ಎದುರಿಗೆ ನಿಂತ ಮನುಷ್ಯ ತನ್ನದೇ ಗಂಟಲಲ್ಲಿ ಹಾಡಬೇಕು ಅಂತ ನನ್ನ ಜೀವ ಬಯಸುತ್ತದೆ. ಹಾಡುವವನ ಉಸಿರು ಎಲ್ಲಿ ತುಂಡಾಯಿತು, ಎಲ್ಲಿ ತುಂಬಿಬಂತು ಅಂತ ಕೇಳುಗನಿಗೆ ಗೊತ್ತಾಗಬೇಡವೆ? ಹಾಗೆ ಹಾಡುವ ರೂಢಿಯನ್ನು ಪುಣೆಗೆ ಹಿಡಿಸಿದವರು ಯಾರು? ಅಣ್ಣಾಸಾಹೇಬ ಕಿರ್ಲೋಸ್ಕರ. 1880ರ ಅಕ್ಟೋಬರ್ 31ರಂದು ಇದೇ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದವರು. ಹುಟ್ಟಿದ್ದು ಮಾತ್ರ ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಇನ್ನೂ ಹಿಂದಕ್ಕೆ ಹೋಗೋಣ, ಅವಸರವೇನಿದೆ? 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿದರು. ಮರಾಠಿ ರಂಗಭೂಮಿ ತನ್ನ ಹುಟ್ಟುಹಬ್ಬ ಎಣಿಸುವುದು ಅಲ್ಲಿಂದ. ಅದಕ್ಕೆ ಕಿಡಿ ಹೊತ್ತಿಸಿದ್ದು ಉತ್ತರ ಕನ್ನಡದಿಂದ ಸಾಂಗ್ಲಿಗೆ ಬಂದು ಆಡಿದ ಒಂದು ಯಕ್ಷಗಾನ ಮೇಳ. ಕರ್ಕಿಯ ಮೇಳವದು ಎಂದು ಹೇಳುವುದುಂಟು. ಭಾಗವತರು ಚಂಡೆ-ಮದ್ದಳೆಗೆ ಎತ್ತಿದ ಪದ ಘಟ್ಟ ಹತ್ತಿ ಎಲ್ಲಿಯವರೆಗೆ ಬಂತು ನೋಡಿ! ಆಮೇಲೆ ಕುಂದಗೋಳದ ರಾಮಭಾವು ಬಂದು ಮರಾಠಿ ನಾಟಕಗಳಲ್ಲಿ ಹಾಡಿ ಸವಾಯಿ ಗಂಧರ್ವರಾದರು. ಅವರ ಶಿಷ್ಯ, ಗದಗ ಸೀಮೆಯ ಭೀಮಸೇನ ಜೋಶಿ, ಗುರುವಿನ ಹೆಸರಿನಲ್ಲಿ ಇಲ್ಲೇ ಸಂಗೀತೋತ್ಸವ ಶುರು ಮಾಡಿದರು. ಡಿಸೆಂಬರ್ ಬಂತೆಂದರೆ ಅರ್ಧ ಪುಣೆ ಶಾಲು ಹೊದ್ದು ಅಲ್ಲಿ ಕೂತಿರುತ್ತದೆ.

ಇದನ್ನೆಲ್ಲ ಆಜೋಬಾರಿಗೆ ಹೇಳಿದರೆ ಅವರಿಗೆ ಸಂತೋಷವೇ. “ಹೌದಪ್ಪಾ, ಶಹಾಜಿರಾಜೆಯೂ ನಿಮ್ಮ ಕಡೆಯೇ ತೀರಿಕೊಂಡದ್ದು” ಅನ್ನುತ್ತಾರೆ. ನಿಜ. 1638ರಲ್ಲಿ ವಿಜಾಪುರದ ಸೈನ್ಯ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಕಿತ್ತುಕೊಂಡ ಮೇಲೆ ಅಲ್ಲಿ ಜಹಗೀರು ನಡೆಸಿದವನು ಶಿವಾಜಿಯ ತಂದೆ ಶಹಾಜಿ. 1664ರಲ್ಲಿ ಚನ್ನಗಿರಿ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡ, ಸಮಾಧಿಯೂ ಅಲ್ಲೇ ಇದೆ. ನಮ್ಮ ಕಟ್ಟೆಯಿಂದ ಕೇಳಿಸುವ ಹೆದ್ದಾರಿ ಹಿಡಿದು ಹೋದರೆ ಆ ಸೀಮೆಗೇ ಮುಟ್ಟುತ್ತೇವೆ.

ಹಾಗಿದ್ದಮೇಲೆ ಕಥೆಯಲ್ಲಿ ನಮ್ಮ ಕಡೆಯವರಿಗೂ ಒಂದು ಹಾಡು ಬೇಡವೆ? ನನ್ನ ಕಣ್ಣ ಮುಂದೆ ನಿಲ್ಲುವವಳು ಬೆಳವಡಿ ಮಲ್ಲಮ್ಮ. ದಕ್ಷಿಣದ ದಂಡಯಾತ್ರೆ ಮುಗಿಸಿ ಮರಾಠಾ ಸೇನೆ ಮರಳುವಾಗ ಬೆಳವಡಿಯ ಪುಟ್ಟ ಸಂಸ್ಥಾನದೊಂದಿಗೆ ಕಾಳಗವಾಯಿತು. ಗಂಡ ಈಶಪ್ರಭು ಬಿದ್ದ ಮೇಲೂ ಅವಳು ಕತ್ತಿ ಇಳಿಸಲಿಲ್ಲ. ಹೆಂಗಸರ ಪಡೆ ಕಟ್ಟಿದ್ದಳೆಂದು ನಮ್ಮ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಕೊನೆಗೆ ಶಿವಾಜಿ ಅವಳನ್ನು ಮರ್ಯಾದೆಯಿಂದ ಕಂಡ. ಮರಾಠಿ ಬಖರುಗಳಲ್ಲೂ ಬೆಳವಡಿಯ ಈ ಧೀರೆ ಬೇರೆ ಹೆಸರಿನಿಂದ ಬರುತ್ತಾಳೆ. ಧಾರವಾಡದ ಹತ್ತಿರದ ಯಾದವಾಡದಲ್ಲಿ ಹನುಮಂತನ ಗುಡಿಯ ಬಳಿ ಒಂದು ಕಲ್ಲಿದೆ: ಶಿವಾಜಿಯ ತೊಡೆಯ ಮೇಲೆ ಕೂಸು, ಎದುರಿಗೆ ಹಾಲಿನ ಬಟ್ಟಲು ಹಿಡಿದ ಮಲ್ಲಮ್ಮ. ಗೆದ್ದವನ ತೊಡೆಯ ಮೇಲೆ ಸೋತವಳ ಮಗು! ನಾಟಕ ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? ಇದನ್ನು ಸೇರಿಸಿದರೆ ಶಿವಾಜಿ ಸಣ್ಣವನಾಗುವುದಿಲ್ಲ. ಆನೆ ಮೇಲೆ ಕೂತದ್ದಕ್ಕಿಂತ ಎತ್ತರವಾಗಿ ಕಾಣುತ್ತಾನೆ.

ಆಜೋಬಾ ಇದನ್ನು ಪೂರ್ತಿ ಕೇಳಿ, “ಹಾಡು ಯಾವ ಭಾಷೆಯಲ್ಲಿ?” ಅಂದರು. ಅವಳದು ಕನ್ನಡದಲ್ಲಿ, ಅವನದು ಮರಾಠಿಯಲ್ಲಿ, ಅಂದೆ. ರಾಗ ಯಾವುದಿರಬೇಕು ಅಂತ ಅಲ್ಲಿಂದ ಚರ್ಚೆ ಎದ್ದಿತು. ಅವರು ಭೀಮಪಲಾಸಿ ಅಂದರು, ನಾನು ಜೋಗಿಯಾ ಅಂದೆ. ಊಟಕ್ಕೆ ಕರೆ ಬರುವ ತನಕ ಇಬ್ಬರೂ ಬಿಟ್ಟುಕೊಡಲಿಲ್ಲ.