ಚೇಂಬರಿನ ಎಣ್ಣೆ

ಮುಂಡಗೋಡ ತಾಲೂಕಿನ ಮಳಗಿಯಲ್ಲಿ ನಾನು ಮೊದಲು ಕಂಡ ಎಣ್ಣೆ ಚಕ್ಕಡಿಯ ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೇ ಕಟ್ಟಿರುತ್ತಿದ್ದರು. ಅದೇ ಹರಳೆಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೂ, ಆಮೇಲೆ ರೇಸ್ ಕಾರುಗಳಿಗೂ ಬೀಳುತ್ತಿತ್ತೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಎಷ್ಟು ಕಾದರೂ ಲೋಹವನ್ನು ಬಿಡದೆ ಹಿಡಿದಿರುವುದು ಅದರ ಗುಣ. ಬಲುಬೇಗ ಅಂಟಾಗಿ ಗಟ್ಟಿಗಟ್ಟುವುದು ದುರ್ಗುಣ.

ಎಂಬತ್ತರ ದಶಕದಲ್ಲಿ ಶಿರಸಿ–ಮುಂಡಗೋಡ ಕಡೆ ಗಾಡಿ ಮಾಡಿಫೈ ಮಾಡುವುದೆಂದರೆ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು. ವೇಗಕ್ಕಲ್ಲ, ಖರ್ಚು ಉಳಿಸಲಿಕ್ಕೆ. ಅದಕ್ಕೆ ಯಾವ ಎಣ್ಣೆ ಎಂಬ ಪ್ರಶ್ನೆಯೇ ಇರಲಿಲ್ಲ. ಗ್ಯಾರೇಜಿನ ಮೂಲೆಯ ಬ್ಯಾರಲ್‌ನಲ್ಲಿ ನಲ್ವತ್ತು ನಂಬರಿನ ಎಣ್ಣೆ ಇರುತ್ತಿತ್ತು. ಭತ್ತದ ಗಿರಣಿಗೂ ಅದೇ, ಪವರ್ ಟಿಲ್ಲರಿಗೂ ಅದೇ, ಜೀಪಿಗೂ ಅದೇ. ಮಿಸ್ತ್ರಿ ಗೇಜು ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ, ಕಾಟನ್ ವೇಸ್ಟಿಗೆ ಒರೆಸಿ ತೀರ್ಪು ಕೊಡುತ್ತಿದ್ದ. ಮರಳಿನಂತೆ ತಟ್ಟಿದರೆ ಬೇರಿಂಗ್ ಹೋಗುತ್ತಿದೆ, ಡೀಸೆಲ್ ವಾಸನೆ ಬಂದರೆ ನಾಜಲ್ ಸೋರುತ್ತಿದೆ. ಆ ಬೆರಳಿನ ಪರೀಕ್ಷೆ ಈಗಲೂ ಸುಳ್ಳಲ್ಲ. ಆದರೆ ಎಣ್ಣೆ ಬದಲಿಸಿ ಎಂದರೆ ಅದೇ ಮಿಸ್ತ್ರಿ, “ದಿನಾ ಹಾಕ್ತಾನ ಇದೀವಲ್ರೀ, ಮತ್ತ ಬದಲಿಸೂದ್ಯಾಕ?” ಎನ್ನುತ್ತಿದ್ದ. ಎಂಜಿನ್ ಅಷ್ಟು ಎಣ್ಣೆ ಕುಡಿಯುತ್ತಿತ್ತು, ಹಾಗಾಗಿ ಆತನ ಮಾತಿನಲ್ಲಿ ಒಂದು ತರ್ಕವೂ ಇತ್ತು.

ಹಳೇ ಗಾಡಿಗಳು ಗಟ್ಟಿ ಎಂದು ಈಗ ಹೇಳುವವರು ಅವನ್ನು ಬೋರಿಗೆ ಬಿಚ್ಚಿದ್ದನ್ನು ನೋಡಿದವರಲ್ಲ. ನೀಲಿ ಹೊಗೆ, ಪಿಸ್ಟನ್ ರಿಂಗಿನ ತೋಡಿನಲ್ಲಿ ಟಾರಿನಂಥ ಕಿಟ್ಟ, ಎಣ್ಣೆ ನಿಲ್ಲುವ ಚೇಂಬರಿನ ತಳದಲ್ಲಿ ಬೆರಳು ದಪ್ಪದ ಕೆಸರು. ಬ್ಯಾರಲ್ ಎಣ್ಣೆಯಲ್ಲಿ ಎಷ್ಟು ಹೊಸದು, ಎಷ್ಟು ಸೋಸಿ ಮತ್ತೆ ಮಾರಿದ್ದು ಎಂದು ಕೇಳುವವರಿರಲಿಲ್ಲ. ಇಳಿಸಿದ ಕರೀ ಎಣ್ಣೆ ಗೆದ್ದಲು ಹತ್ತದಿರಲೆಂದು ಬೇಲಿಯ ಗೂಟಕ್ಕೆ, ಉಳಿದದ್ದು ಗಟಾರಕ್ಕೆ. ಮಳಗಿ ಧರ್ಮಾ ಜಲಾಶಯ ಇರುವ ಊರು ಎಂಬುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ, ನನ್ನದರಲ್ಲೂ.

ಈಗ ಅಕ್ಕನ ಮಗ ಹುಬ್ಬಳ್ಳಿಯಿಂದ ಟರ್ಬೊ ಪೆಟ್ರೋಲ್ ಕಾರಿನಲ್ಲಿ ಬರುತ್ತಾನೆ. ಶಕ್ತಿ ಹೆಚ್ಚಿಸಲು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ರೀಮ್ಯಾಪ್ ಆಗಿದೆ, ಇನ್‌ಟೇಕ್ ಬದಲಾಗಿದೆ, ಸೈಲೆನ್ಸರ್ ಬದಲಾಗಿದೆ. (ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲೇ ಹೇಳಿದೆ. ಅದನ್ನು ನೆನಪಿಸಿದರೆ ನಗುತ್ತಾನೆ.) ಕಂಪನಿ ಹೇಳಿದ್ದು 5ಡಬ್ಲ್ಯು-40. “ಮಾವ, 10ಡಬ್ಲ್ಯು-60 ಹಾಕ್ಸೀನಿ, ರೇಸಿಂಗ್ ಆಯಿಲ್” ಎಂದ. ಡಬ್ಬಿಯ ಮೇಲಿನ ಚೆಕ್ಕರ್ಡ್ ಬಾವುಟ ಅವನನ್ನು ಗೆದ್ದಿತ್ತು.

ಡಬ್ಲ್ಯು ಹಿಂದಿನ ಅಂಕಿ ಚಳಿಯದು. ಹಿಮ ಬೀಳದ ಮುಂಡಗೋಡಿನಲ್ಲಿ ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮುಂದಿನ ಅಂಕಿ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಮಂದ ಎಂಬುದು. 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ಸ್, 60 ಎಂದರೆ 21.9ರ ಮೇಲೆ. ಅರಬೈಲ್ ಘಾಟನ್ನು ಬಲವಾಗಿ ಏರಿಸಿ ಎಣ್ಣೆಯ ಬಿಸಿ 120ಕ್ಕೆ ಹೋದರೆ 40ರ ಎಣ್ಣೆ ಹೆಚ್ಚುಕಡಿಮೆ 30ರ ಎಣ್ಣೆಯಷ್ಟು ತೆಳುವಾಗುತ್ತದೆ. ಹಾಗಾಗಿ ಶಕ್ತಿ ಹೆಚ್ಚಿಸಿದ ಎಂಜಿನ್ನಿಗೆ ಒಂದು ಮೆಟ್ಟಿಲು ಮಂದದ ಎಣ್ಣೆ, ಅದಕ್ಕಿಂತ ಮೇಲಾಗಿ ಒಂದು ಆಯಿಲ್ ಕೂಲರ್, ಒಪ್ಪುವ ಮಾತೇ. ಎರಡು ಮೆಟ್ಟಿಲು ಏರಿದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಮಂದ ಎಣ್ಣೆ ಕ್ಯಾಮ್ ಮುಟ್ಟುವುದು ತಡ, ವಾಲ್ವ್ ಟೈಮಿಂಗ್ ಹೊಂದಿಸುವ ಸಣ್ಣ ರಂಧ್ರಗಳಲ್ಲಿ ಅದರ ಹರಿವು ನಿಧಾನ. ಇವನು ವಾರವಿಡೀ ಓಡಿಸುವುದು ಹುಬ್ಬಳ್ಳಿಯ ಸಿಗ್ನಲ್‌ಗಳ ನಡುವೆ.

ಅವನು ನೋಡಬೇಕಾದ ಅಕ್ಷರಗಳು ಬೇರೆ. ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನುಗಳಲ್ಲಿ ಕಡಿಮೆ ಆರ್‌ಪಿಎಮ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಹೊತ್ತಿಗೆ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆಯುವುದುಂಟು. ಎಣ್ಣೆಯಲ್ಲಿ ಕ್ಯಾಲ್ಸಿಯಂ ಡಿಟರ್ಜೆಂಟ್ ಹೆಚ್ಚಿದ್ದರೆ ಆ ಅಪಾಯ ಹೆಚ್ಚು. 2020ರಲ್ಲಿ ಬಂದ ಎಪಿಐ ಎಸ್‌ಪಿ ದರ್ಜೆಯ ಎಣ್ಣೆಗೆ ಹೀಗೆ ಮೊದಲೇ ಹೊತ್ತಿಕೊಳ್ಳುವುದರದೇ ಪರೀಕ್ಷೆ ಇದೆ. ರೀಮ್ಯಾಪ್ ಆದ ಕಾರಿನಲ್ಲಿ ಬೂಸ್ಟ್ ಇನ್ನೂ ಹೆಚ್ಚು, ಆದ್ದರಿಂದ ಬಾವುಟಕ್ಕಿಂತ ಆ ಎರಡು ಅಕ್ಷರ ಮುಖ್ಯ. ಟರ್ಬೊದ ಶಾಫ್ಟ್ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವುದು ಎಣ್ಣೆಯ ತೆಳು ಪದರದ ಮೇಲೆ. ಘಾಟಿ ಹತ್ತಿ ಬಂದವನೇ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರೆ ಅಲ್ಲಿ ನಿಂತ ಎಣ್ಣೆ ಸುಟ್ಟು ಕರಕಾಗುತ್ತದೆ. ಒಂದು ನಿಮಿಷ ಐಡಲಿಂಗ್ ಬಿಡುವ ಅಭ್ಯಾಸಕ್ಕೆ ಪೈಸೆ ಖರ್ಚಿಲ್ಲ. ಅದು ಮಾತ್ರ ಅವನಿಗಿಲ್ಲ.

ಆ ಜೀಪಿನವರಿಗೆ ಎಣ್ಣೆ ಎಂದರೆ ಮಟ್ಟ ಕಾಯುವುದಷ್ಟೇ. ಇವನಿಗೆ ಎಣ್ಣೆ ಎಂದರೆ ಡಬ್ಬಿ. ಎರಡು ಕಾಲದಲ್ಲೂ ಎಣ್ಣೆ ಬದಲಿಸುವ ಅವಧಿಯ ಮಾತು ಹಿಂದೆ ಬಿತ್ತು. ಕಂಪನಿ ಕಾರಿಗೆ 10,000 ಕಿಲೋಮೀಟರ್ ಎಂದರೆ ರೀಮ್ಯಾಪ್ ಆದದ್ದಕ್ಕೆ ಅದರ ಅರ್ಧಕ್ಕೇ ಇಳಿಸಿ, ಫಿಲ್ಟರ್ ಜೊತೆಗೆ. ವಾರಕ್ಕೊಮ್ಮೆ ಸಮತಟ್ಟು ನೆಲದಲ್ಲಿ ನಿಲ್ಲಿಸಿ ಗೇಜು ಎಳೆದು ನೋಡಿ. ಬ್ಯಾರಲ್ ಎಣ್ಣೆಯ ಕಾಲ ಹೋಯಿತೆಂದೂ ನಂಬಬೇಡಿ. ಈಗ ಅದೇ ಸೋಸಿದ ಎಣ್ಣೆ ಒಳ್ಳೇ ಕಂಪನಿಯ ಖಾಲಿ ಡಬ್ಬಿಯೊಳಗೆ ಬರುತ್ತದೆ. ಸೀಲ್ ನಿಮ್ಮೆದುರೇ ಒಡೆಯಲಿ, ಖಾಲಿಯಾದ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆದೇ ಎಸೆಯಿರಿ.